ಬೆಳಕಿಗೆ ಹೆಜ್ಜೆ ಕಲಿಸಿದ ಪಂಚರತ್ನಂ

ಚಳಿಗಾಲದ ಸಂಜೆ ಬೆಳಗಾವಿಯ ನೆಹರು ನಗರದಲ್ಲಿ ನಿಂತು ನೋಡುವವರಿಗೆ ಎರಡು ದೃಶ್ಯಗಳು ತಪ್ಪದೆ ಕಾಣುತ್ತವೆ. ಒಂದು, ಹೆದ್ದಾರಿಯುದ್ದಕ್ಕೂ ಹೊರಲಾರದಷ್ಟು ಹೊರೆ ಹೊತ್ತು, ಮೆಲ್ಲಮೆಲ್ಲನೆ ಕಾರ್ಖಾನೆಯ ಕಡೆಗೆ ಸಾಗುವ ಕಬ್ಬಿನ ಗಾಡಿಗಳ ಸಾಲು. ಇನ್ನೊಂದು, ಕೆ.ಎಲ್.ಇ. ಸಂಸ್ಥೆಯ ದೊಡ್ಡ ಆಸ್ಪತ್ರೆಯ ಹೆಬ್ಬಾಗಿಲಲ್ಲಿ ಹಳ್ಳಿಹಳ್ಳಿಗಳಿಂದ ಬಂದಿಳಿಯುವ ಜನ. ಖಾನಾಪುರದ ಕಾಡಂಚಿನಿಂದ ಮೊಮ್ಮಗನ ಕೈ ಹಿಡಿದು ಬಂದ ಅಜ್ಜಿ, “ಕಣ್ಣು ಮಂಜಾಗೇತಪ್ಪ, ಡಾಕ್ಟರಿಗೆ ತೋರಸಬೇಕು” ಎನ್ನುವುದು ಇಲ್ಲಿ ದಿನನಿತ್ಯದ ಮಾತು.

ಕಬ್ಬಿಗೂ ಅಜ್ಜಿಯ ಕಣ್ಣಿಗೂ ಏನು ಸಂಬಂಧ? ಮೇಲುನೋಟಕ್ಕೆ ಯಾವುದೂ ಇಲ್ಲ. ಆದರೆ ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಅಳೆಯುವ ರಸಾಯನಜ್ಞನೂ, ಕಣ್ಣಿನ ಒಳಪರದೆ ಎಲ್ಲಿ ಸವೆದಿದೆ ಎಂದು ಹುಡುಕುವ ವೈದ್ಯನೂ ನೆಚ್ಚಿಕೊಂಡಿರುವುದು ಒಂದೇ ಸಾಧನವನ್ನು. ಅದು ಶಿಸ್ತಿಗೆ ಒಳಗಾದ ಬೆಳಕು. ಈ ಶಿಸ್ತಿನ ಒಂದು ಗಹನವಾದ ನಿಯಮವನ್ನು ಜಗತ್ತಿಗೆ ಮೊದಲು ತಿಳಿಸಿದವನು ನಮ್ಮ ನಾಡಿನಲ್ಲೇ ಕುಳಿತು ದುಡಿದ ಇಪ್ಪತ್ತೆರಡು ವರ್ಷದ ತರುಣನೆಂಬುದು ಬಹುಮಂದಿಗೆ ತಿಳಿಯದ ಸಂಗತಿ. ಅವರ ಹೆಸರು ಎಸ್. ಪಂಚರತ್ನಂ. ಅವರು ಆ ಕೆಲಸ ಮಾಡಿದಾಗ ಲೇಸರ್ ಎಂಬ ವಸ್ತುವೇ ಲೋಕದಲ್ಲಿ ಇರಲಿಲ್ಲ. ಲೇಸರ್ ಮನೆಮಾತಾಗುವ ಹೊತ್ತಿಗೆ ಅವರೇ ಇರಲಿಲ್ಲ.

ಸಂತೆಯ ಜನ, ಕವಾಯತಿನ ದಂಡು

ಬೆಳಕು ಒಂದು ಅಲೆ. ಕೆರೆಯ ನೀರಿನಲ್ಲಿ ಎರಡು ಕಲ್ಲುಗಳನ್ನು ಒಮ್ಮೆಗೇ ಎಸೆದು ನೋಡಿ. ಎರಡು ಬಳೆಗಳು ಹರಡಿ ಒಂದನ್ನೊಂದು ಸಂಧಿಸುತ್ತವೆ. ಉಬ್ಬಿಗೆ ಉಬ್ಬು ಸೇರಿದ ಕಡೆ ನೀರು ಇನ್ನಷ್ಟು ಏಳುತ್ತದೆ. ಉಬ್ಬಿಗೆ ತಗ್ಗು ಸೇರಿದ ಕಡೆ ನೀರು ಶಾಂತವಾಗುತ್ತದೆ. ಬೆಳಕೂ ಹೀಗೆಯೇ. ಎರಡು ಬೆಳಕುಗಳು ಸೇರಿ ಕತ್ತಲೆಯನ್ನು ಹುಟ್ಟಿಸಬಲ್ಲವು! ಇದಕ್ಕೆ ವ್ಯತಿಕರಣವೆಂದು ಹೆಸರು. ಇಂಗ್ಲೆಂಡಿನ ಥಾಮಸ್ ಯಂಗ್ ಎಂಬ ವೈದ್ಯ 19ನೆಯ ಶತಮಾನದ ಆರಂಭದಲ್ಲಿ ಇದನ್ನು ತೋರಿಸಿಕೊಟ್ಟನು. ಅಲೆಯು ತನ್ನ ಏರಿಳಿತದ ಯಾವ ಘಟ್ಟದಲ್ಲಿದೆ ಎಂಬುದೇ ಅದರ ಪ್ರಾವಸ್ಥೆ. ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಭತ್ತ ಕುಟ್ಟುವಾಗ ಒಬ್ಬಳ ಒನಕೆ ಮೇಲೆ, ಇನ್ನೊಬ್ಬಳದು ಕೆಳಗೆ. ಇಬ್ಬರ ವೇಗವೂ ಒಂದೇ. ಪ್ರಾವಸ್ಥೆ ಮಾತ್ರ ಬೇರೆ.

ಎರಡನೆಯದು ಧ್ರುವೀಕರಣ. ಹಗ್ಗದ ಒಂದು ತುದಿಯನ್ನು ಗೂಟಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಮೇಲೆ ಕೆಳಗೆ ಅಲುಗಿಸಬಹುದು, ಎಡಕ್ಕೆ ಬಲಕ್ಕೆ ಅಲುಗಿಸಬಹುದು, ಅಥವಾ ವರ್ತುಲವಾಗಿಯೂ ತಿರುಗಿಸಬಹುದು. ಅಲೆ ಮುಂದಕ್ಕೆ ಹೋಗುವುದು ಒಂದೇ ದಿಕ್ಕಿಗೆ; ಅದರ ತುಯ್ದಾಟ ಮಾತ್ರ ಬೇರೆ ಬೇರೆ. ಸೂರ್ಯನ ಬೆಳಕಿನಲ್ಲಿ ಎಲ್ಲ ಬಗೆಯ ತುಯ್ದಾಟಗಳೂ ಬೆರೆತಿರುತ್ತವೆ. ಪೋಲರಾಯ್ಡ್ ಹಾಳೆಯ ಮೂಲಕ ಹಾಯಿಸಿದರೆ ಒಂದೇ ಬಗೆ ಉಳಿಯುತ್ತದೆ. 1808ರಲ್ಲಿ ಪ್ಯಾರಿಸಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಿಂದ ಪ್ರತಿಫಲಿಸಿದ ಸಂಜೆಯ ಬಿಸಿಲನ್ನು ಸ್ಫಟಿಕವೊಂದರ ಮೂಲಕ ನೋಡುತ್ತಿದ್ದ ಮಾಲುಸ್ ಎಂಬ ಎಂಜಿನಿಯರನಿಗೆ ಈ ಗುಣ ಮೊದಲು ಹೊಳೆಯಿತು.

ಕಬ್ಬಿನ ಕಾರ್ಖಾನೆಗೆ ಬೇಕಾದದ್ದು ಈ ಗುಣವೇ. ಸಕ್ಕರೆಯ ನೀರು ತನ್ನ ಮೂಲಕ ಹಾದುಹೋಗುವ ಧ್ರುವೀಕೃತ ಬೆಳಕಿನ ತುಯ್ದಾಟವನ್ನು ಬಲಕ್ಕೆ ತಿರುಚುತ್ತದೆ. 26 ಗ್ರಾಂ ಶುದ್ಧ ಸಕ್ಕರೆಯನ್ನು ಕರಗಿಸಿ 100 ಮಿಲಿಲೀಟರ್ ದ್ರಾವಣ ಮಾಡಿ, 20 ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿಟ್ಟು ಸೋಡಿಯಂ ದೀಪದ ಹಳದಿ ಬೆಳಕನ್ನು ಹಾಯಿಸಿದರೆ ತಿರುಚು ಸುಮಾರು 34.6 ಡಿಗ್ರಿ. ತಿರುಚು ಎಷ್ಟು ಕಡಿಮೆಯೋ ಸಕ್ಕರೆಯೂ ಅಷ್ಟು ಕಡಿಮೆ. ಕಾರ್ಖಾನೆಯ ಪ್ರಯೋಗಶಾಲೆಯವರು “ಪೋಲ್ ಎಷ್ಟು ಬಂತು?” ಎಂದು ಕೇಳಿಕೊಳ್ಳುವುದು ಇದನ್ನೇ. ಬೆಳಗಾವಿ ಜಿಲ್ಲೆಯ ಸಾವಿರಾರು ರೈತರ ಬೆವರು ಕೊನೆಗೆ ಬೆಳಕಿನ ಒಂದು ತಿರುವಿನಲ್ಲಿ ಅಳತೆಗೆ ಸಿಕ್ಕುತ್ತದೆ.

ಮೂರನೆಯದು ಸಂಸಕ್ತತೆ. ಸಂತೆಯ ದಿನ ಪೇಟೆಯಲ್ಲಿ ನಡೆಯುವ ಜನಕ್ಕೂ, ಬೆಳಗಾವಿಯ ದಂಡಿನ ಮೈದಾನದಲ್ಲಿ ಕವಾಯತು ಮಾಡುವ ಸಿಪಾಯಿಗಳಿಗೂ ಇರುವ ಅಂತರವನ್ನು ನೆನೆಸಿಕೊಳ್ಳಿ. ಸಂತೆಯಲ್ಲಿ ಒಬ್ಬೊಬ್ಬರದು ಒಂದೊಂದು ಹೆಜ್ಜೆ. ಕವಾಯತಿನಲ್ಲಿ ಮೊದಲ ಸಾಲಿನ ಸಿಪಾಯಿಯ ಹೆಜ್ಜೆಯನ್ನು ಕಂಡರೆ ಸಾಕು, ಹತ್ತನೆಯ ಸಾಲಿನವನ ಕಾಲು ಎಲ್ಲಿದೆಯೆಂದು ಹೇಳಿಬಿಡಬಹುದು. ದೀಪದ ಬೆಳಕು ಸಂತೆ, ಲೇಸರ್ ಬೆಳಕು ಕವಾಯತು. ಬಿಸಿಲಿನ ಅಲೆಗಳು ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ದೂರ ಹೋಗುವುದರೊಳಗೆ ಹೆಜ್ಜೆ ತಪ್ಪುತ್ತವೆ. ಚೆನ್ನಾಗಿ ಹದಗೊಳಿಸಿದ ಲೇಸರಿನ ಅಲೆಗಳಾದರೋ ಕಿಲೋಮೀಟರುಗಳವರೆಗೆ ಹೆಜ್ಜೆ ತಪ್ಪುವುದಿಲ್ಲ.

ಪ್ರಾವಸ್ಥೆ, ಧ್ರುವೀಕರಣ, ಸಂಸಕ್ತತೆ: ಈ ಮೂರನ್ನೂ ಕೈವಶ ಮಾಡಿಕೊಂಡವನಿಗೆ ಬೆಳಕು ಹೇಳಿದಂತೆ ಕೇಳುತ್ತದೆ. ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ ಪ್ರಬಂಧ 1956ರಲ್ಲಿ ಬೆಂಗಳೂರಿನಿಂದ ಹೊರಬಂದಿತು.

ರಾಮನ್ನರ ಅಂಗಳದಲ್ಲಿ

ಪಂಚರತ್ನಂ ಹುಟ್ಟಿದ್ದು 1934ರಲ್ಲಿ, ಕಲ್ಕತ್ತೆಯಲ್ಲಿ. ತಾಯಿಯ ಕಡೆಯಿಂದ ಅವರು ಸರ್ ಸಿ. ವಿ. ರಾಮನ್ನರ ಸೋದರಳಿಯ. ಅಣ್ಣಂದಿರಲ್ಲಿ ಎಸ್. ರಾಮಶೇಷನ್ ಸ್ಫಟಿಕವಿಜ್ಞಾನಿ, ಎಸ್. ಚಂದ್ರಶೇಖರ್ ಮುಂದೆ ದ್ರವಸ್ಫಟಿಕಗಳ ಅಧ್ಯಯನದಲ್ಲಿ ಜಗದ್ವಿಖ್ಯಾತರಾದವರು. ಕಾಕತಾಳೀಯವೋ ಏನೋ, ಪಂಚರತ್ನಂ ಹುಟ್ಟಿದ ಆ 1934ರಲ್ಲೇ ಮೈಸೂರು ಮಹಾರಾಜರು ಬೆಂಗಳೂರಿನಲ್ಲಿ ವಿಜ್ಞಾನದ ಕೆಲಸಕ್ಕೆಂದು ಭೂಮಿಯನ್ನು ದಾನವಿತ್ತರು. ಆ ನೆಲದ ಮೇಲೆ ರಾಮನ್ನರ ಸಂಶೋಧನ ಸಂಸ್ಥೆ ಎದ್ದು ನಿಂತು, ವಿಜ್ಞಾನ ಮಂದಿರದಿಂದ ನಿವೃತ್ತರಾದ ರಾಮನ್ 1948ರಲ್ಲಿ ಅಲ್ಲಿ ಕೆಲಸ ಆರಂಭಿಸಿದರು. ಇಪ್ಪತ್ತರ ಆಸುಪಾಸಿನಲ್ಲಿ ಪಂಚರತ್ನಂ ಅಲ್ಲಿಗೆ ಬಂದು ಸೇರಿದರು.

ರಾಮನ್ನರಿಗೆ ರತ್ನಗಳೆಂದರೆ, ಸ್ಫಟಿಕಗಳೆಂದರೆ ಪ್ರಾಣ. ಅವರ ಸಂಗ್ರಹಕ್ಕೆ ಹಬ್ಬದೂಟದ ಎಲೆಯಷ್ಟು ವೈವಿಧ್ಯ. ಪಂಚರತ್ನಂ ಕೈಗೆತ್ತಿಕೊಂಡದ್ದು ಅಯೊಲೈಟ್ ಎಂಬ ಖನಿಜವನ್ನು. ಒಂದು ಕಡೆಯಿಂದ ನೋಡಿದರೆ ನೇರಿಳೆಯ ಬಣ್ಣ, ಕಲ್ಲನ್ನು ಹೊರಳಿಸಿದರೆ ಬಿಳಿಚಿದ ಹಳದಿ. ತುಯ್ದಾಟದ ದಿಕ್ಕು ಬದಲಾದಂತೆ ಈ ಕಲ್ಲು ಬೆಳಕನ್ನು ಹೆಚ್ಚುಕಡಮೆಯಾಗಿ ನುಂಗುತ್ತದೆ.

ಇಲ್ಲಿಯೇ ಒಂದು ತೊಡಕು ಹುಟ್ಟಿತು. ತಿಳಿಯಾದ ಸ್ಫಟಿಕದೊಳಗೆ ಹೊಕ್ಕ ಬೆಳಕು ಎರಡು ಅಲೆಗಳಾಗಿ ಒಡೆಯುತ್ತದೆ. ಆ ಎರಡರ ತುಯ್ದಾಟಗಳು ಒಂದಕ್ಕೊಂದು ಪೂರ್ತಿ ವಿರುದ್ಧವಾಗಿರುತ್ತವೆ. ಒಂದು ಮೇಲೆ ಕೆಳಗಾದರೆ ಇನ್ನೊಂದು ಎಡಕ್ಕೆ ಬಲಕ್ಕೆ. ಇಂಥ ಎರಡು ಅಲೆಗಳು ಸೇರಿದರೂ ಬೆಳಕು ಕತ್ತಲೆಯ ಪಟ್ಟೆಗಳು ಮೂಡುವುದಿಲ್ಲವೆಂದು ಫ್ರೆನೆಲ್ ಮತ್ತು ಅರಾಗೊ ಎಂಬ ಫ್ರೆಂಚ್ ವಿಜ್ಞಾನಿಗಳು ಬಹಳ ಹಿಂದೆಯೇ ತೋರಿಸಿದ್ದರು. ಒಂದೇ ಬಗೆಯ ತುಯ್ದಾಟವಿದ್ದರೆ ಏನಾಗುವುದೆಂಬುದೂ ಗೊತ್ತಿತ್ತು. ಆದರೆ ಬೆಳಕನ್ನು ನುಂಗುವ ಸ್ಫಟಿಕಗಳಲ್ಲಿ ಎರಡು ಅಲೆಗಳು ಪೂರ್ತಿ ಒಂದೇ ಬಗೆಯವೂ ಅಲ್ಲ, ಪೂರ್ತಿ ವಿರುದ್ಧವೂ ಅಲ್ಲ. ಅತ್ತ ನೆಂಟನೂ ಅಲ್ಲ, ಇತ್ತ ಹಗೆಯೂ ಅಲ್ಲ ಎನ್ನುವಂಥವು. ಇಂಥವು ಕೂಡಿದರೆ ಫಲವೇನು? ಇವುಗಳ ಹೆಜ್ಜೆ ಕೂಡಿದೆ ಎಂದು ಹೇಳುವುದಾದರೂ ಹೇಗೆ?

ಪಂಚರತ್ನಂ ಕೊಟ್ಟ ಉತ್ತರ ಅತಿ ಸರಳ. ಎರಡು ಬೆಳಕುಗಳನ್ನು ಕೂಡಿಸಿ, ಒಂದನ್ನು ಸ್ವಲ್ಪ ಸ್ವಲ್ಪವಾಗಿ ಹಿಂದೆ ಮುಂದೆ ಸರಿಸುತ್ತ ಬನ್ನಿ. ಯಾವ ಸ್ಥಿತಿಯಲ್ಲಿ ಒಟ್ಟು ಬೆಳಕು ಅತ್ಯಂತ ಪ್ರಕಾಶಮಾನವಾಗುತ್ತದೆಯೋ ಆ ಸ್ಥಿತಿಯಲ್ಲಿ ಅವು ಸಮಪ್ರಾವಸ್ಥೆಯಲ್ಲಿವೆ ಎನ್ನಿ. ಮಗುವಿಗೂ ಅರ್ಥವಾಗುವ ಮಾತು. ಆದರೆ ಈ ಸರಳ ಮಾತಿನ ಹೊಟ್ಟೆಯಲ್ಲಿ ಒಂದು ವಿಸ್ಮಯ ಅಡಗಿತ್ತು.

ಮೂವರ ಲೆಕ್ಕ

ಮೂವರು ಗಾಯಕರಿದ್ದಾರೆಂದು ಭಾವಿಸೋಣ. ಎರಡನೆಯವನು ಮೊದಲಿನವನ ಶ್ರುತಿಗೆ ತನ್ನ ಶ್ರುತಿಯನ್ನು ಕೂಡಿಸಿಕೊಂಡನು. ಮೂರನೆಯವನು ಎರಡನೆಯವನಿಗೆ ಕೂಡಿಸಿಕೊಂಡನು. ಹಾಗಾದರೆ ಮೊದಲಿನವನಿಗೂ ಮೂರನೆಯವನಿಗೂ ಶ್ರುತಿ ಕೂಡಿರಲೇಬೇಕಲ್ಲವೆ? ಲೋಕರೂಢಿ ಹಾಗೆನ್ನುತ್ತದೆ. ಬೆಳಕಿನ ಲೋಕದಲ್ಲಿ ಹಾಗಿಲ್ಲ! ಮೂರು ಬೆಳಕುಗಳ ಧ್ರುವೀಕರಣ ಬೇರೆ ಬೇರೆಯಾಗಿದ್ದರೆ, ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಹೆಜ್ಜೆ ಕೂಡಿಸಿದ ಮೇಲೂ ಮೂರನೆಯದು ಮೊದಲನೆಯದಕ್ಕೆ ಹೊಂದದೆ ಉಳಿಯಬಹುದು. ಈ ಅಂತರ ಉಪಕರಣದ ದೋಷವಲ್ಲ, ಪ್ರಕೃತಿಯ ನಿಯಮ. ಅಂತರ ಎಷ್ಟೆಂಬುದನ್ನು ಕರಾರುವಾಕ್ಕಾಗಿ ಲೆಕ್ಕ ಹಾಕಬಹುದೆಂದು ಪಂಚರತ್ನಂ ತೋರಿಸಿದರು.

ಲೆಕ್ಕಕ್ಕೆ ಅವರು ಬಳಸಿದ್ದು ಒಂದು ಗೋಳವನ್ನು. ಫ್ರಾನ್ಸಿನ ಗಣಿತಜ್ಞ ಪ್ವಾಂಕಾರೆ 1892ರಲ್ಲಿ ಎಲ್ಲ ಧ್ರುವೀಕರಣಗಳಿಗೂ ಒಂದು ಭೂಗೋಳವನ್ನು ಕಲ್ಪಿಸಿದ್ದನು. ಅದರ ಸಮಭಾಜಕದ ಮೇಲೆ ಸರಳರೇಖೆಯಲ್ಲಿ ತುಯ್ಯುವ ಬೆಳಕುಗಳು. ಎರಡು ಧ್ರುವಗಳಲ್ಲಿ ಬಲಸುತ್ತು ಎಡಸುತ್ತಾಗಿ ತಿರುಗುವ ಬೆಳಕುಗಳು. ನಡುವಿನ ನಾಡುಗಳಲ್ಲೆಲ್ಲ ಮೊಟ್ಟೆಯಾಕಾರದ ತುಯ್ದಾಟಗಳು. ಮೂರು ಧ್ರುವೀಕರಣಗಳೆಂದರೆ ಈ ಗೋಳದ ಮೇಲೆ ಮೂರು ಊರುಗಳು. ಊರುಗಳನ್ನು ಅತಿ ಹತ್ತಿರದ ದಾರಿಗಳಿಂದ ಜೋಡಿಸಿದರೆ ಒಂದು ತ್ರಿಕೋನವಾಗುತ್ತದೆ. ಆ ತ್ರಿಕೋನ ಗೋಳದ ಕೇಂದ್ರದಲ್ಲಿ ಎಷ್ಟು ಘನಕೋನವನ್ನು ಹಿಡಿಯುತ್ತದೆಯೋ ಅದರ ಅರ್ಧವೇ ಆ ಪ್ರಾವಸ್ಥೆಯ ಅಂತರ. ಇದೇ ಪಂಚರತ್ನಂ ಸೂತ್ರ.

ಒಂದು ಉದಾಹರಣೆ ನೋಡಿ. ಮಟ್ಟಸವಾಗಿ ತುಯ್ಯುವ ಬೆಳಕು ಒಂದು, 45 ಡಿಗ್ರಿ ಓರೆಯಾಗಿ ತುಯ್ಯುವುದು ಇನ್ನೊಂದು, ವರ್ತುಲವಾಗಿ ತಿರುಗುವುದು ಮತ್ತೊಂದು. ಗೋಳದ ಮೇಲೆ ಇವು ಮೂರೂ ಸೇರಿ ಗೋಳದ ಮೈಯ ಎಂಟನೆಯ ಒಂದು ಪಾಲನ್ನು ಬಳಸುತ್ತವೆ. ಸೂತ್ರದಂತೆ ಗುಣಿಸಿದರೆ ಅಂತರ 45 ಡಿಗ್ರಿ, ಅಂದರೆ ಒಂದು ಅಲೆಯ ಎಂಟನೆಯ ಒಂದು ಪಾಲು. ಸೋಡಿಯಂ ದೀಪದ ಹಳದಿ ಬೆಳಕಿನ ಅಲೆಯುದ್ದ 589 ನ್ಯಾನೋಮೀಟರ್. ಆದ್ದರಿಂದ ಅಂತರ ಸುಮಾರು 74 ನ್ಯಾನೋಮೀಟರ್. ಅಂದರೆ ಒಂದು ಮಿಲಿಮೀಟರಿನಲ್ಲಿ ಇಂಥವು ಹದಿಮೂರು ಸಾವಿರಕ್ಕೂ ಮಿಗಿಲು!

ಇದು ಹೇಗೆ ಸಾಧ್ಯವೆಂದು ಆಶ್ಚರ್ಯಪಡುವವರು ಭೂಮಿಯ ಮೇಲೆ ಒಂದು ಪ್ರಯಾಣವನ್ನು ಕಲ್ಪಿಸಿಕೊಳ್ಳಲಿ. ಉತ್ತರ ಧ್ರುವದಲ್ಲಿ ನಿಂತ ಒಬ್ಬನು ಕೈಯಲ್ಲಿ ಬಾಣವೊಂದನ್ನು ಹಿಡಿದು ನೆಟ್ಟಗೆ ಸಮಭಾಜಕಕ್ಕೆ ಇಳಿಯುತ್ತಾನೆ. ಅಲ್ಲಿಂದ ಭೂಮಿಯ ಕಾಲು ಸುತ್ತಿನಷ್ಟು ಪೂರ್ವಕ್ಕೆ ನಡೆದು, ಮತ್ತೆ ನೆಟ್ಟಗೆ ಧ್ರುವಕ್ಕೆ ಮರಳುತ್ತಾನೆ. ದಾರಿಯಲ್ಲಿ ಎಲ್ಲಿಯೂ ಬಾಣವನ್ನು ತಿರುಗಿಸಿಲ್ಲ. ಆದರೂ ಹೊರಟ ಜಾಗಕ್ಕೆ ಬಂದು ನಿಂತಾಗ ಬಾಣ 90 ಡಿಗ್ರಿ ತಿರುಗಿರುತ್ತದೆ. ತಿರುಗಿಸಿದವರು ಯಾರು? ಯಾರೂ ಅಲ್ಲ. ಭೂಮಿ ಗುಂಡಗಿದೆ, ಅಷ್ಟೆ. ಬೆಳಕಿನ ಪ್ರಾವಸ್ಥೆಯೂ ಹೀಗೆಯೇ ತಾನು ಸುತ್ತಿ ಬಂದ ದಾರಿಯ ನೆನಪನ್ನು ಹೊತ್ತು ತರುತ್ತದೆ.

ಪ್ರಬಂಧದ ಮೊದಲ ಭಾಗ ಪೂರ್ಣ ಸಂಸಕ್ತವಾದ ಬೆಳಕುಗಳನ್ನು ಕುರಿತದ್ದು. ಎರಡನೆಯ ಭಾಗ ಅರೆಬರೆ ಸಂಸಕ್ತವಾದವನ್ನು ಕುರಿತದ್ದು. ಎರಡೂ 1956ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾದವು. ಅದಕ್ಕೆ ಒಂದು ವರ್ಷ ಮೊದಲೇ, 1955ರಲ್ಲಿ, ಅವರು ಇನ್ನೊಂದು ಉಪಯುಕ್ತ ಕಾರ್ಯವನ್ನು ಮುಗಿಸಿದ್ದರು. ಧ್ರುವೀಕರಣವನ್ನು ಬದಲಿಸಲು ಬಳಸುವ ಸ್ಫಟಿಕದ ಬಿಲ್ಲೆ ಸಾಮಾನ್ಯವಾಗಿ ಒಂದು ಬಣ್ಣಕ್ಕೆ ಸರಿಹೊಂದಿದರೆ ಇನ್ನೊಂದಕ್ಕೆ ಹೊಂದದು. ಹಲವು ಬಿಲ್ಲೆಗಳನ್ನು ತಕ್ಕ ಕೋನಗಳಲ್ಲಿ ಒಂದರ ಮೇಲೊಂದಿಟ್ಟರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿ, ಅನೇಕ ಬಣ್ಣಗಳಿಗೆ ಒಟ್ಟಿಗೆ ಹೊಂದುವ ಬಿಲ್ಲೆ ಸಿದ್ಧವಾಗುತ್ತದೆಂದು ತೋರಿಸಿದರು. ಒಳ್ಳೆಯ ಅವಿಭಕ್ತ ಕುಟುಂಬದ ಹಾಗೆ! ನಕ್ಷತ್ರಗಳ ಬೆಳಕಿನ ಧ್ರುವೀಕರಣವನ್ನು ಅಳೆಯುವ ದೂರದರ್ಶಕಗಳಲ್ಲಿ ಈ ಬಗೆಯ ಬಿಲ್ಲೆಗಳು ಇಂದಿಗೂ ಅವರ ಹೆಸರಿನಿಂದಲೇ ಕೆಲಸ ಮಾಡುತ್ತಿವೆ.

ಮೌನದ ಮೂವತ್ತು ವರ್ಷ

1960ರ ಮೇ ತಿಂಗಳಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಕಡ್ಡಿಯೊಂದರಿಂದ ಮೊದಲ ಲೇಸರ್ ಕಿರಣವನ್ನು ಹೊರಡಿಸಿದನು. 1961ರಲ್ಲಿ ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದಾಗ ತಮ್ಮನೂ ಅಲ್ಲಿಗೆ ರೀಡರ್ ಆಗಿ ಬಂದರು. ಮೂರು ವರ್ಷ ಮೈಸೂರಿನ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 1964ರಲ್ಲಿ ಆಕ್ಸ್‌ಫರ್ಡಿಗೆ ತೆರಳಿ, ಅಲ್ಲಿ ಜಾರ್ಜ್ ಸೀರೀಸ್ ಎಂಬ ವಿಜ್ಞಾನಿಯೊಡನೆ ಬೆಳಕಿಗೂ ಪರಮಾಣುಗಳಿಗೂ ನಡೆಯುವ ವ್ಯವಹಾರವನ್ನು ಅಭ್ಯಸಿಸಿದರು. 1969ರಲ್ಲಿ ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ ಮೂವತ್ತೈದೇ ವರ್ಷ. 1975ರಲ್ಲಿ ಸೀರೀಸ್ ಅವರ ಬರಹಗಳನ್ನೆಲ್ಲ ಕೂಡಿಸಿ ಒಂದು ಸಂಪುಟವಾಗಿ ಸಂಪಾದಿಸಿದರು.

1956ರ ಆ ಸೂತ್ರ ಏನಾಯಿತು? ಬಹುಕಾಲ ಅದನ್ನು ಕೇಳುವವರಿರಲಿಲ್ಲ. 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರ್ರಿ, ಪರಮಾಣುಲೋಕದ ಕ್ವಾಂಟಂ ಸ್ಥಿತಿಗಳು ಒಂದು ಸುತ್ತು ಸುತ್ತಿ ಬಂದಾಗ, ಸುತ್ತಿದ ದಾರಿಯ ಆಕಾರವನ್ನು ಮಾತ್ರ ಅವಲಂಬಿಸಿದ ಒಂದು ಪ್ರಾವಸ್ಥೆಯನ್ನು ಗಳಿಸುತ್ತವೆಂದು ತೋರಿಸಿದರು. ಭೌತಜಗತ್ತು ಬೆರಗಾಯಿತು. ಆದರೆ ಬೆಂಗಳೂರಿನಲ್ಲಿ ಕೆಲವರು ಇದನ್ನು ಓದಿ, ಇದು ಎಲ್ಲಿಯೋ ಕಂಡ ಮುಖವಲ್ಲವೆ ಎಂದುಕೊಂಡರು. 1986ರಲ್ಲಿ ಅಣ್ಣ ರಾಮಶೇಷನ್, ರಾಜಾರಾಮ್ ನಿತ್ಯಾನಂದರೊಡನೆ ಸೇರಿ, ಮೂವತ್ತು ವರ್ಷದ ಹಿಂದಿನ ಪಂಚರತ್ನಂ ಸೂತ್ರ ಬೆರ್ರಿಯವರ ಪ್ರಾವಸ್ಥೆಯ ಪೂರ್ವರೂಪವೇ ಸರಿ ಎಂದು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಸತ್ತ ತಮ್ಮನ ಕೈಬರಹವನ್ನು ಅಣ್ಣನೇ ಲೋಕಕ್ಕೆ ಓದಿ ಹೇಳಿದ ಹಾಗಾಯಿತು.

ಬೆರ್ರಿ ದೊಡ್ಡ ಮನಸ್ಸಿನವರು. 1987ರಲ್ಲಿ ಅವರು ತಮ್ಮ ಪ್ರಾವಸ್ಥೆಗೂ ಪಂಚರತ್ನಂ ಪ್ರಾವಸ್ಥೆಗೂ ಇರುವ ನಂಟನ್ನು ವಿವರಿಸಿ ಪ್ರಬಂಧ ಬರೆದರು. 1994ರಲ್ಲಿ ಪಂಚರತ್ನಂ ಅವರ ಪ್ರತಿಭೆಯನ್ನು ಕೊಂಡಾಡಿ ಇನ್ನೊಂದು ಲೇಖನವನ್ನೇ ಬರೆದರು. 1988ರಲ್ಲಿ ರಾಮನ್ ಸಂಶೋಧನ ಸಂಸ್ಥೆಯ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಯಲ್ ಲೇಸರ್ ಕಿರಣವನ್ನು ಎರಡಾಗಿ ಸೀಳಿ, ಅದರ ಧ್ರುವೀಕರಣವನ್ನು ಗೋಳದ ಮೇಲೆ ಸುತ್ತಾಡಿಸಿ, ಮತ್ತೆ ಕೂಡಿಸಿ ಈ ಪ್ರಾವಸ್ಥೆಯನ್ನು ಕಣ್ಣಾರೆ ಕಂಡರು. ಪಂಚರತ್ನಂ ಲೇಸರಿಲ್ಲದೆ ಕಂಡದ್ದನ್ನು ಅದೇ ಅಂಗಳದಲ್ಲಿ ಲೇಸರ್ ಸಾಕ್ಷಿ ಹೇಳಿತು.

ಮನೆಮನೆಗೆ ಬಂದ ಫಲ

ಈ ಪ್ರಾವಸ್ಥೆಯ ಒಂದು ವೈಶಿಷ್ಟ್ಯವನ್ನು ಗಮನಿಸಬೇಕು. ಸಾಮಾನ್ಯ ಮಸೂರ ಬೆಳಕಿನ ಪ್ರಾವಸ್ಥೆಯನ್ನು ಬದಲಿಸುವುದು ಗಾಜಿನ ದಪ್ಪದಿಂದ. ನಡುವೆ ದಪ್ಪ, ಅಂಚಿನಲ್ಲಿ ತೆಳು. ಪಂಚರತ್ನಂ ಪ್ರಾವಸ್ಥೆಗೆ ದಪ್ಪ ಬೇಕಿಲ್ಲ, ತಿರುವು ಸಾಕು. ವರ್ತುಲವಾಗಿ ತಿರುಗುವ ಬೆಳಕು ಅರ್ಧ ಅಲೆಯ ಬಿಲ್ಲೆಯೊಂದನ್ನು ಹಾದುಬರುವಾಗ ಬಿಲ್ಲೆಯನ್ನು 10 ಡಿಗ್ರಿ ತಿರುಗಿಸಿದರೆ ಪ್ರಾವಸ್ಥೆ 20 ಡಿಗ್ರಿ ಸರಿಯುತ್ತದೆ. ಆದ್ದರಿಂದ ತೆಳುವಾದ ದ್ರವಸ್ಫಟಿಕದ ಪೊರೆಯಲ್ಲಿ ಅಣುಗಳನ್ನು ರಂಗವಲ್ಲಿಯ ಎಳೆಗಳಂತೆ ಬೇರೆ ಬೇರೆ ಕೋನಗಳಲ್ಲಿ ಜೋಡಿಸಿದರೆ, ಹಾಳೆಯಂತೆ ಚಪ್ಪಟೆಯಾದ ಮಸೂರವೇ ಸಿದ್ಧವಾಗುತ್ತದೆ. ಇಂಥ ಮಸೂರಗಳನ್ನು ಇಂದು ಪಂಚರತ್ನಂ ಮತ್ತು ಬೆರ್ರಿ ಇಬ್ಬರ ಹೆಸರನ್ನೂ ಕೂಡಿಸಿ ಕರೆಯುತ್ತಾರೆ.

ದ್ರವಸ್ಫಟಿಕವೆಂದೊಡನೆ ಇನ್ನೊಬ್ಬ ಅಣ್ಣನ ನೆನಪಾಗುತ್ತದೆ. ಮೈಸೂರಿನಿಂದ 1971ರಲ್ಲಿ ರಾಮನ್ ಸಂಸ್ಥೆಗೆ ಬಂದ ಚಂದ್ರಶೇಖರ್, 1977ರಲ್ಲಿ ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಡನೆ ತಟ್ಟೆಯಾಕಾರದ ಅಣುಗಳ ಹೊಸ ದ್ರವಸ್ಫಟಿಕ ವರ್ಗವನ್ನೇ ಕಂಡುಹಿಡಿದರು. ಕಡ್ಡಿಯಾಕಾರದ ಅಣುಗಳ ದ್ರವಸ್ಫಟಿಕಗಳಾದರೋ ಇಂದು ನಮ್ಮ ಮನೆಗಳ ಎಲ್.ಸಿ.ಡಿ. ತೆರೆಗಳಲ್ಲಿ ಕ್ಷಣಕ್ಷಣವೂ ಬೆಳಕಿನ ಧ್ರುವೀಕರಣವನ್ನು ಹೊರಳಿಸುತ್ತಿವೆ. ತಮ್ಮ ಬೆಳಕಿನ ನಡೆಯನ್ನು ಬರೆದಿಟ್ಟನು. ಆ ನಡೆಯನ್ನು ಬದಲಿಸಬಲ್ಲ ಪದಾರ್ಥಗಳ ಅಧ್ಯಯನಕ್ಕೆ ಅಣ್ಣ ಬಾಳನ್ನೇ ಕೊಟ್ಟನು.

ಈಗ ನಮ್ಮ ಖಾನಾಪುರದ ಅಜ್ಜಿಯ ಬಳಿಗೆ ಮರಳೋಣ. ಇಂದಿನ ದೊಡ್ಡ ಆಸ್ಪತ್ರೆಗಳಲ್ಲಿ ಆಕೆಯ ಗಲ್ಲವನ್ನು ಒಂದು ಯಂತ್ರದ ಮೇಲಿರಿಸಿ, ಒಂದು ಚುಕ್ಕೆಯನ್ನು ನೋಡುತ್ತಿರಲು ಹೇಳುತ್ತಾರೆ. ನೋವಿಲ್ಲ, ಮುಟ್ಟುವುದೂ ಇಲ್ಲ. ಕೆಲವೇ ಕ್ಷಣಗಳಲ್ಲಿ ಕಣ್ಣಿನ ಒಳಪರದೆಯ ಪದರ ಪದರವೂ ಕೊಯ್ದ ಈರುಳ್ಳಿಯಂತೆ ತೆರೆಯ ಮೇಲೆ ಮೂಡುತ್ತದೆ. ಓ.ಸಿ.ಟಿ. ಎಂದು ವೈದ್ಯರು ಹೇಳುವ ಈ ವಿಧಾನ 1991ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಇಲ್ಲಿ ಒಂದು ಸ್ವಾರಸ್ಯವಿದೆ. ಈ ಯಂತ್ರಕ್ಕೆ ಬೇಕಾದದ್ದು ಲೇಸರಿನ ಅತಿಶಿಸ್ತಲ್ಲ. ಕಿಲೋಮೀಟರುಗಟ್ಟಲೆ ಹೆಜ್ಜೆ ತಪ್ಪದ ಬೆಳಕು ಎಲ್ಲ ಪದರಗಳಿಂದಲೂ ಬಂದು ಒಟ್ಟಿಗೆ ಕೂಗಿಬಿಡುತ್ತದೆ. ಯಾವ ಪದರದ ದನಿ ಯಾವುದೆಂದು ತಿಳಿಯುವುದು ಕಷ್ಟ. ಆದ್ದರಿಂದ ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ದೂರದಲ್ಲೇ ಸಂಸಕ್ತತೆ ಮುಗಿಯುವಂಥ ಬೆಳಕನ್ನು ಬೇಕೆಂದೇ ಆರಿಸುತ್ತಾರೆ. ಆಗ ಎರಡು ದಾರಿಗಳ ಉದ್ದ ಸರಿಸಮವಾದ ಆಳದಿಂದ ಬಂದ ಬೆಳಕು ಮಾತ್ರ ಪಟ್ಟೆಗಳನ್ನು ಮೂಡಿಸುತ್ತದೆ. ಕಣ್ಣಿನ ನರದ ಎಳೆಗಳು ಬೆಳಕಿನ ಧ್ರುವೀಕರಣವನ್ನು ಬದಲಿಸುವುದನ್ನು ಅಳೆದು ಗ್ಲಾಕೋಮದ ಸುಳಿವು ಹಿಡಿಯುವ ಯಂತ್ರಗಳೂ ಉಂಟು. ದೃಷ್ಟಿ ಪೂರ್ತಿ ಕಳೆದುಹೋದ ಮೇಲೆ ಅದನ್ನು ಮರಳಿ ತರುವವರಿಲ್ಲ. ಕಳೆಯುವ ಮೊದಲೇ ತಿಳಿಸುವುದೇ ಈ ಬೆಳಕಿನ ಉಪಕಾರ.

ಶಿಸ್ತು ಎಲ್ಲಿ ಎಷ್ಟು ಬೇಕೋ ಅಲ್ಲಿ ಅಷ್ಟೇ ಇರಬೇಕು. ಬೆಳಕನ್ನು ಆಳುವ ವಿದ್ಯೆಯ ಸಾರವೇ ಇದು. ಈ ವಿದ್ಯೆಯ ತಳಪಾಯದಲ್ಲಿ ನಮ್ಮ ನಾಡಿನಲ್ಲಿ ಕೆತ್ತಿದ ಒಂದು ಕಲ್ಲಿದೆ. ಅದನ್ನು ಕೆತ್ತಿದ ತರುಣನಿಗೆ ಅದರ ಮೇಲೆ ಎದ್ದ ಮನೆಯನ್ನು ನೋಡುವ ಭಾಗ್ಯವಿರಲಿಲ್ಲ. ಆದರೆ ಕಲ್ಲು ಅಲುಗಿಲ್ಲ.

ನೆಹರು ನಗರದ ಕಾಲೇಜುಗಳಿಂದ ಸಂಜೆ ಹೊರಬೀಳುವ ಹುಡುಗ ಹುಡುಗಿಯರಲ್ಲಿ ಬಹುಮಂದಿಗೆ ಇಪ್ಪತ್ತೆರಡು ತುಂಬಿರಲಿಕ್ಕಿಲ್ಲ. ಪಂಚರತ್ನಂ ತಮ್ಮ ಸೂತ್ರವನ್ನು ಬರೆದದ್ದು ಅದೇ ವಯಸ್ಸಿನಲ್ಲಿ. ಈ ಮಾತನ್ನು ಅವರಲ್ಲಿ ಒಬ್ಬರಾದರೂ ನೆನಪಿನಲ್ಲಿಟ್ಟುಕೊಂಡು, ಕಬ್ಬಿನ ಗಾಡಿಯ ದೀಪವನ್ನೋ ಕಿಟಕಿಯ ಗಾಜಿನಲ್ಲಿ ಮುಳುಗುವ ಸೂರ್ಯನನ್ನೋ ಒಂದು ಗಳಿಗೆ ನಿಂತು ನೋಡಿದರೆ ಸಾಕು. ಆ ಬೆಳಕಿನಲ್ಲಿ ಇನ್ನೂ ಹೇಳದೆ ಉಳಿದ ಮಾತುಗಳು ಬೇಕಾದಷ್ಟಿವೆ.